ಹಾಡುವ ಕೋಣೆಗೆ ಮೆತ್ತನೆಯ ಗೋಡೆ

ಗಾಯಕ ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ್ದು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ತತ್ವಪದಗಳ ಶರೀಫರ ಶಿಶುನಾಳ ಇರುವುದು ಶಿಗ್ಗಾವಿ ತಾಲ್ಲೂಕಿನಲ್ಲಿ. ಹಾನಗಲ್ಲಿನ ಹೆಸರನ್ನು ಗಾಯಕಿ ಗಂಗೂಬಾಯಿಯವರು ಹಾಡಿನೊಡನೆ ದೇಶದುದ್ದಕ್ಕೂ ಒಯ್ದರು. ಹಾಡಿನ ಇಂಥ ಸೀಮೆಯ ಹೊಸ ಮನೆಯಲ್ಲಿ ಇಂದು ಹಾರ್ಮೋನಿಯಂ ತೆಗೆದು ಕೂತರೆ ಒಂದು ಸ್ವರ ಅಡಗುವ ಮೊದಲೇ ಇನ್ನೊಂದು ಅದರ ಮೇಲೆ ಬೀಳುತ್ತದೆ. ಟಿ.ವಿ.ಯ ಮಾತು ತಿಳಿಯಲೆಂದು ದನಿ ಏರಿಸಿದಷ್ಟೂ ಗದ್ದಲ ಹೆಚ್ಚುತ್ತದೆ.

ಹಳೆಯ ಮನೆಗೆ ಈ ತೊಂದರೆ ಇರಲಿಲ್ಲ. ಮಣ್ಣಿನ ಗೋಡೆ, ಜಂತಿಯ ಮಾಳಿಗೆ, ಪಡಸಾಲೆಯಲ್ಲಿ ಪೇರಿಸಿದ ಜೋಳದ ಚೀಲ, ಹಗ್ಗದ ಮೇಲಿನ ಕೌದಿ, ಕಂಬಳಿ ಎಲ್ಲವೂ ದನಿಯನ್ನು ಅಷ್ಟಿಷ್ಟು ಹೀರುತ್ತಿದ್ದವು. ಆರ್‌ಸಿಸಿ ಸ್ಲ್ಯಾಬು, ಸಿಮೆಂಟ್ ಗಿಲಾವು, ನುಣುಪು ಟೈಲ್ಸು ಬಡಿದ ಸದ್ದನ್ನು ಬಹುಪಾಲು ಹಾಗೇ ವಾಪಸು ಕಳಿಸುತ್ತವೆ. 12 ಅಡಿ ಅಗಲ, 15 ಅಡಿ ಉದ್ದ, 10 ಅಡಿ ಎತ್ತರದ ಬರಿಗೋಣೆಯಲ್ಲಿ ಒಂದು ಚಪ್ಪಾಳೆಯ ಸದ್ದು ಅಡಗಲು ಎರಡು ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಮಾತು ತಿಳಿಯಾಗಿ ಕೇಳಬೇಕೆಂದರೆ ಅದು ಅರ್ಧ ಸೆಕೆಂಡಿನ ಆಸುಪಾಸಿಗೆ ಇಳಿಯಬೇಕು.

ಇದನ್ನು ಮೊದಲು ಲೆಕ್ಕಕ್ಕೆ ತಂದವನು ಅಮೆರಿಕದ ವಾಲೇಸ್ ಸಬೈನ್. ಹಾರ್ವರ್ಡಿನ ಒಂದು ಉಪನ್ಯಾಸ ಸಭಾಂಗಣದಲ್ಲಿ ಮಾತು ಕಲಸಿಹೋಗುತ್ತಿತ್ತು. 1895ರಲ್ಲಿ ಅದನ್ನು ಸರಿಪಡಿಸುವ ಕೆಲಸ ಅವನ ಪಾಲಿಗೆ ಬಂತು. ಬೇರೊಂದು ರಂಗಮಂದಿರದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ಹೊರಿಸಿ ತಂದು, ಮೆತ್ತೆ ಹೆಚ್ಚಿದಂತೆ ಸದ್ದು ಎಷ್ಟು ಬೇಗ ಅಡಗುತ್ತದೆಂದು ಅಳೆದ. ಇಂದಿನ ಅಕೌಸ್ಟಿಕ್ ಪ್ಯಾನೆಲ್ ಮಾಡುವುದೂ ಆ ಮೆತ್ತೆಯ ಕೆಲಸವನ್ನೇ.

ಪ್ಯಾನೆಲ್ಲನ್ನು ನಮ್ಮೂರ ಬಡಿಗೇರರೇ ಮಾಡಿಕೊಡಬಲ್ಲರು. 2 ಅಡಿ ಅಗಲ, 4 ಅಡಿ ಉದ್ದದ ಕಟ್ಟಿಗೆ ಚೌಕಟ್ಟು, ಒಳಗೆ 2 ಇಂಚು ದಪ್ಪದ ರಾಕ್‌ವುಲ್ (ಕಲ್ಲುನಾರಿನ ಹಲಗೆ), ಮೇಲೆ ಗಾಳಿಯಾಡುವ ಬಟ್ಟೆ. ಬಾಯಿಗೆ ಹಿಡಿದು ಊದಿದರೆ ಉಸಿರು ಆಚೆ ಹೋಗದ ಬಟ್ಟೆ ಬೇಡ. ರಾಕ್‌ವುಲ್ ಕತ್ತರಿಸುವಾಗ ಮಾಸ್ಕು, ಕೈಗವಸು ಬೇಕೇ ಬೇಕು. ಗೋಡೆಗೂ ಪ್ಯಾನೆಲ್ಲಿಗೂ ನಡುವೆ 2 ಇಂಚು ಸಂದು ಬಿಟ್ಟರೆ ಕೆಳಸ್ವರವೂ ಚೆನ್ನಾಗಿ ಹಿಡಿತಕ್ಕೆ ಸಿಗುತ್ತದೆ. ಮೇಲೆ ಹೇಳಿದ ಕೋಣೆಗೆ ಇಂಥ ಆರು ಪ್ಯಾನೆಲ್ ಹಾಕಿದರೆ ಮಾರ್ದನಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಉಳಿದದ್ದನ್ನು ಜಮಖಾನೆ, ದಪ್ಪ ಪರದೆ, ಪುಸ್ತಕದ ಕಪಾಟು ನೋಡಿಕೊಳ್ಳುತ್ತವೆ.

ಎಲ್ಲಿ ಹಾಕಬೇಕೆಂದು ಕನ್ನಡಿ ಹೇಳುತ್ತದೆ. ನೀವು ಕೂರುವ ಜಾಗದಲ್ಲಿ ಕೂತು, ಇನ್ನೊಬ್ಬರಿಂದ ಪಕ್ಕದ ಗೋಡೆಯ ಉದ್ದಕ್ಕೂ ಕನ್ನಡಿ ಸರಿಸಿಸಿ. ಸ್ಪೀಕರ್ ಅದರಲ್ಲಿ ಕಂಡ ಜಾಗವೇ ಮೊದಲ ಪ್ಯಾನೆಲ್ಲಿನ ಜಾಗ. ತಬಲಾದ ಡಗ್ಗೆಯ ಗುಂಯ್‌ಗಾಟಕ್ಕೆ ಮಾತ್ರ ಮೂಲೆಗಳಲ್ಲಿ ಇನ್ನೂ ದಪ್ಪನೆಯವು ಬೇಕು.

ಮೊಟ್ಟೆಯ ಟ್ರೇ ಅಂಟಿಸಿದರೆ ಕೋಣೆ ಕೊಳೆಯಾಗುವುದೇ ಹೆಚ್ಚು. ಅಗ್ಗದ ಫೋಮ್ ಬೆಂಕಿಗೆ ಬೇಗ ಹೊತ್ತಿಕೊಳ್ಳುತ್ತದೆ, ಅದು ಮನೆಯೊಳಗೆ ಬೇಡವೇ ಬೇಡ. ನೆರೆಮನೆಯ ಸದ್ದನ್ನು ಪ್ಯಾನೆಲ್ ತಡೆಯುವುದಿಲ್ಲ, ಅದಕ್ಕೆ ದಪ್ಪ ಗೋಡೆ, ಸಂದಿಲ್ಲದ ಬಾಗಿಲು ಬೇಕು. ಗೋಡೆಯನ್ನೆಲ್ಲ ಮುಚ್ಚುವುದೂ ತಪ್ಪು. ತಂಬೂರಿಯ ನಾದಕ್ಕೆ ಒಂದಿಷ್ಟು ಮಾರ್ದನಿ ಬೇಕು, ಇಲ್ಲವಾದರೆ ಹಾಡುವವರ ಗಂಟಲು ಸೋಲುತ್ತದೆ.

ದುಡ್ಡು ಸಾಲದವರಿಗೆ ಅಜ್ಜಿ ಹೊಲಿದ ಕೌದಿ ಇದೆ. ಗೋಡೆಯಿಂದ ಒಂದೆರಡು ಇಂಚು ಮುಂದೆ, ನೆರಿಗೆ ಬರುವಂತೆ ಇಳಿಬಿಡಿ. ಮೇಲಿನ ಸ್ವರಗಳ ಕರ್ಕಶ ಕಡಿಮೆಯಾಗುತ್ತದೆ. ಹಿರೇಕೆರೂರಿನಲ್ಲಾಗಲಿ ಸವಣೂರಿನಲ್ಲಾಗಲಿ ಹೊಸ ಮನೆ ಕಟ್ಟಿಸುವವರು ಟೈಲ್ಸ್ ಆರಿಸುವ ದಿನವೇ ಬರಿ ಕೋಣೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ಕೇಳಿ.