ಹಲ್ಲುಜ್ಜುವ ಪೇಸ್ಟ್ ಮತ್ತು ಹಲ್ಲಿನ ಕಂದು ಕಲೆ

ಸಹಜ ಪದಾರ್ಥಗಳ ಪೇಸ್ಟಿನಲ್ಲಿ ಮುಖ್ಯವಾಗಿ ನಾಲ್ಕು ಘಟಕಗಳಿರುತ್ತವೆ: ಉಜ್ಜಲು ಕ್ಯಾಲ್ಸಿಯಂ ಕಾರ್ಬೊನೇಟಿನ ನುಣ್ಣನೆಯ ಪುಡಿ, ಒಣಗದಂತೆ ಕಾಯಲು ಗ್ಲಿಸರಿನ್, ಬೆಸೆಯಲು ಗೋರಿಕಾಯಿ ಬೀಜದ ಅಂಟು, ವಾಸನೆಗೆ ಲವಂಗದೆಣ್ಣೆ. ಇಟ್ಟಿಗೆ ಪುಡಿ, ಇದ್ದಿಲುಗಳು ಒರಟಾದುದರಿಂದ ಹಲ್ಲಿನ ಎನಾಮಲ್ ಪದರವನ್ನು ಸವೆಸುತ್ತವೆ.

ಆದರೆ ಒಳ್ಳೆಯ ಪೇಸ್ಟಿಗೂ ಹೋಗದ ಕಲೆಯೊಂದುಂಟು. ಮೆಟ್ಟೂರಿನ ಸುತ್ತಣ ಸೇಲಂ, ಧರ್ಮಪುರಿ ಜಿಲ್ಲೆಗಳ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರುತ್ತದೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಅದನ್ನು ಕುಡಿದ ಮಕ್ಕಳಿಗೆ ಎನಾಮಲಿನಲ್ಲೇ ಕಂದು ಕಲೆ ಮೂಡುತ್ತದೆ. ಇದನ್ನು ತಡೆಯುವುದು ಶುದ್ಧ ನೀರೇ; ಧರ್ಮಪುರಿಗೆ ಹೊಗೇನಕಲ್ ಯೋಜನೆಯು 2013ರಿಂದ ಕಾವೇರಿ ನೀರನ್ನು ಒದಗಿಸುತ್ತಿದೆ. ಆದುದರಿಂದ ಶಿಕ್ಷಕರು ಇಂತಹ ಮಗುವನ್ನು ಹಲ್ಲುಜ್ಜಿಲ್ಲವೆಂದು ಗದರಿಸದೆ, ಮನೆಯಲ್ಲಿ ಕುಡಿಯುವ ನೀರು ಎಲ್ಲಿಯದೆಂದು ವಿಚಾರಿಸಬೇಕು.