ಒಎಸ್‌ಪಿಎಫ್‌ನಲ್ಲಿ ವರ್ಚುವಲ್ ಲಿಂಕ್

ಒಎಸ್‌ಪಿಎಫ್ ರೂಟಿಂಗ್ ಪ್ರೋಟೊಕಾಲ್‌ನಲ್ಲಿ ಪ್ರತಿಯೊಂದು ಏರಿಯಾವೂ ಬೆನ್ನೆಲುಬಾದ ಏರಿಯಾ 0ಕ್ಕೆ ತಾಗಿರಬೇಕು. ಎರಡು ಕಂಪನಿಗಳ ಜಾಲಗಳು ಒಂದಾದಾಗ ಈ ನಿಯಮ ಮುರಿಯುವುದುಂಟು: ಏರಿಯಾ 2ಕ್ಕೆ ಏರಿಯಾ 1 ಮಾತ್ರ ನೆರೆಯಾಗಿ ಉಳಿಯುತ್ತದೆ. ಆಗ ಏರಿಯಾ 1ರೊಳಗಿಂದ ಏರಿಯಾ 0ಕ್ಕೆ ವರ್ಚುವಲ್ ಲಿಂಕ್ ಎಳೆಯಲಾಗುತ್ತದೆ.

ಇದರ ಎರಡೂ ತುದಿಯಲ್ಲಿರುವುದು ಏರಿಯಾಗಳ ಗಡಿ ರೂಟರ್‌ಗಳು. ಸಿಸ್ಕೊ ರೂಟರ್‌ನಲ್ಲಿ ‘ಏರಿಯಾ 1 ವರ್ಚುವಲ್-ಲಿಂಕ್’ ಆದೇಶದ ಮುಂದೆ ಎದುರು ತುದಿಯ ರೂಟರ್ ಐಡಿ ಬರೆಯಬೇಕು, ಅದೂ ಎರಡೂ ಕಡೆ. ಆದೇಶದಲ್ಲಿ ಬರುವುದು ನಡುವಿನ ಏರಿಯಾದ ಸಂಖ್ಯೆ, ದೂರದ್ದಲ್ಲ. ಐಡಿಯ ಜಾಗದಲ್ಲಿ ಇಂಟರ್‌ಫೇಸ್ ವಿಳಾಸ ಹಾಕಿ ಪರದಾಡುವವರೇ ಹೆಚ್ಚು. ಐಡಿ ಮುಂದೆ ಬದಲಾದರೂ ಲಿಂಕ್ ಬೀಳುತ್ತದೆ; ಅದನ್ನು ಮೊದಲೇ ಕೈಯಾರೆ ನಿಗದಿಪಡಿಸುವುದು ಜಾಣತನ.

ನಡುವಿನ ಏರಿಯಾ ಸ್ಟಬ್ ಆಗಿರಬಾರದು. ಲಿಂಕ್‌ಗೆ ಪ್ರತ್ಯೇಕ ಕಾಸ್ಟ್ ಕೊಡಲಾಗದು. ನಡುವಿನ ಹಾದಿಯ ಕಾಸ್ಟೇ ಅದರದೂ. ಲಿಂಕ್ ಏರಿಯಾ 0ಕ್ಕೆ ಸೇರಿದ್ದರಿಂದ, ಅಲ್ಲಿ ದೃಢೀಕರಣವಿದ್ದರೆ ದೂರದ ರೂಟರ್‌ನಲ್ಲೂ ಬೇಕು. ಇದು ಮರೆತುಹೋಗುವ ಹೆಜ್ಜೆ.

‘ಶೋ ಐಪಿ ಒಎಸ್‌ಪಿಎಫ್ ವರ್ಚುವಲ್-ಲಿಂಕ್ಸ್’ ಆದೇಶ ಕೊಟ್ಟಾಗ ಸಂಬಂಧದ ಸ್ಥಿತಿ ‘ಫುಲ್’ ಎಂದು ಕಂಡರೆ ಲಿಂಕ್ ಕೂಡಿದೆ ಎಂದರ್ಥ. ಆದರೂ ಇದು ತೇಪೆಯಷ್ಟೇ. ಹೊಸ ಜಾಲದ ವಿನ್ಯಾಸದಲ್ಲಿ ಇದಕ್ಕೆ ಜಾಗ ಕೊಡಬಾರದು.