ಚಿತ್ರದ ಹೊರೆಯೂ ದೂರದ ಉಗ್ರಾಣವೂ

ಜಾಲತಾಣದ ಪುಟವೊಂದು ತೆರೆಯಲು ತಡವಾದರೆ ನಾವು ನೆಟ್‌ವರ್ಕನ್ನು ದೂರುವುದು ವಾಡಿಕೆ. ಅನೇಕ ವೇಳೆ ದೋಷವಿರುವುದು ಪುಟದ ಚಿತ್ರಗಳಲ್ಲಿ. ಈ ವಿಷಯವನ್ನು ನಾನು ಬಲ್ಲಮಟ್ಟಿಗೆ ವಿದ್ಯಾರ್ಥಿ ಮಿತ್ರರ ಮುಂದಿಡಬಯಸುತ್ತೇನೆ.

ಮೊದಲು ಒಂದು ಲೆಕ್ಕ. 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರದ ಫೋಟೋದಲ್ಲಿ 1 ಕೋಟಿ 20 ಲಕ್ಷ ಪಿಕ್ಸೆಲುಗಳಿರುತ್ತವೆ. ಪುಟದಲ್ಲಿ ಅದು 400 ಪಿಕ್ಸೆಲ್ ಅಗಲವಾಗಿ ಕಾಣಬೇಕಾದರೆ 1 ಲಕ್ಷ 20 ಸಾವಿರ ಸಾಕು. ಅಂದರೆ ನೂರರಲ್ಲೊಂದು ಪಾಲು. ದಟ್ಟವಾದ ಪರದೆಗೆ ಇಮ್ಮಡಿ ಅಗಲ ಬೇಕೆಂದರೂ ನಾಲ್ಕು ಪಾಲನ್ನು ಮೀರದು. ಮಿಕ್ಕದ್ದೆಲ್ಲ ವ್ಯರ್ಥ; ಅದರ ಡೇಟಾ ಖರ್ಚು ಮಾತ್ರ ಓದುಗನ ತಲೆಯ ಮೇಲೆ.

ಇಂದು ಬಹುಪಾಲು ಚಿತ್ರಗಳು ಕ್ಲೌಡ್ ಸ್ಟೋರೇಜ್ ಎಂಬ ದೂರದ ಉಗ್ರಾಣದಲ್ಲಿರುತ್ತವೆ. ಅಮೆಜಾನ್ ಸಂಸ್ಥೆ 2006ರಲ್ಲಿ ಆರಂಭಿಸಿದ ಎಸ್3 ಇಂಥದೊಂದು. ಉಗ್ರಾಣಕ್ಕೆ ರಾಗಿ ಹಾಕಿದವನಿಗೆ ಸಿಕ್ಕುವುದು ರಾಗಿಯೇ. ಹಿಟ್ಟು ಬೇಕಾದರೆ ಗಿರಣಿಗೆ ಹೋಗತಕ್ಕದ್ದು. ಹಾಗೆಯೇ ಚಿತ್ರವನ್ನು ಕುಗ್ಗಿಸಲು ನಡುವೆ ಒಂದು ಗಿರಣಿ ಬೇಕು.

ಇದಕ್ಕೆ ಎರಡು ಮಾರ್ಗಗಳಿವೆ. ಚಿತ್ರ ಏರಿಸುವಾಗಲೇ 400, 800, 1600 ಪಿಕ್ಸೆಲ್ ಅಗಲದ ಪ್ರತಿಗಳನ್ನು ಮಾಡಿ, ಗೂಗಲ್ 2010ರಲ್ಲಿ ಪ್ರಕಟಿಸಿದ ವೆಬ್‌ಪಿ ರೂಪದಲ್ಲಿ ಮೂಲದೊಡನೆ ಇಡುವುದು ಒಂದು. ಓದುಗ ಕೇಳಿದಾಗ ಕುಗ್ಗಿಸಿ, ಆ ಪ್ರತಿಯನ್ನು ಕ್ಯಾಶೆಯಲ್ಲಿ ಉಳಿಸಿಕೊಳ್ಳುವುದು ಇನ್ನೊಂದು, ನೆಕ್ಸ್ಟ್.ಜೆಎಸ್‌ನಲ್ಲಿ 2020ರಿಂದ ಈ ಏರ್ಪಾಡಿದೆ.

ಎರಡನೆಯ ಮಾರ್ಗದಲ್ಲಿ ಎರಡು ಎಚ್ಚರಿಕೆಗಳು ಅವಶ್ಯಕ. ಯಾವ ಉಗ್ರಾಣದ ಚಿತ್ರಗಳನ್ನು ಸ್ವೀಕರಿಸಬಹುದೆಂದು ಮೊದಲೇ ನಮೂದಿಸಬೇಕು. ಇಲ್ಲವಾದರೆ ದಾರಿಹೋಕರೆಲ್ಲ ನಮ್ಮ ಗಿರಣಿಯಲ್ಲಿ ತಮ್ಮ ಕಾಳು ಬೀಸಿಕೊಂಡಾರು. ಇನ್ನು ಖಾಸಗಿ ಚಿತ್ರಗಳ ವಿಳಾಸಕ್ಕೆ ಸಹಿಯೂ ಅವಧಿಯೂ ಅಂಟಿರುತ್ತವೆ. ಎಸ್3ರಲ್ಲಿ ಈ ಅವಧಿ ಹೆಚ್ಚೆಂದರೆ 7 ದಿನ. ಸಹಿ ಬದಲಾದಾಗಲೆಲ್ಲ ವಿಳಾಸವೂ ಬದಲಾಗಿ, ಹಳೆಯ ಚಿತ್ರವೇ ಹೊಸದೆನಿಸಿ, ಬೀಸಿದ್ದನ್ನೇ ಬೀಸುವ ಕೆಲಸವಾಗುತ್ತದೆ. ಆದುದರಿಂದ ಓದುಗನಿಗೆ ಸ್ಥಿರವಾದ ವಿಳಾಸ ಕೊಟ್ಟು, ಅವನ ಅಧಿಕಾರವನ್ನು ಬಾಗಿಲಲ್ಲಿ ಪರೀಕ್ಷಿಸಿ, ಉಗ್ರಾಣದ ಬೀಗದ ಕೈಯನ್ನು ಗಿರಣಿಯ ಬಳಿಯೇ ಇಡುವುದು ಯುಕ್ತ.

ಕಾಲೇಜಿನ ತಾಣದಂತೆ ಚಿತ್ರಗಳು ಕಡಮೆಯಿರುವಲ್ಲಿ ಮೊದಲನೆಯ ಮಾರ್ಗವೇ ಮೇಲೆಂದು ನನ್ನ ಅಭಿಪ್ರಾಯ. ವಿದ್ಯಾರ್ಥಿವೇತನದ ಅರ್ಜಿಗೆ ಕಡೆಯ ದಿನ, ಹಳ್ಳಿಯ ಹುಡುಗಿಯೊಬ್ಬಳು ದುರ್ಬಲ ಸಿಗ್ನಲ್‌ನಲ್ಲಿ ಪುಟ ತೆರೆದು ಕಾದಿರುವಾಗ, ವಾರ್ಷಿಕೋತ್ಸವದ ಭಾರಿ ಫೋಟೋ ಅವಳಿಗೆ ಅಡ್ಡ ನಿಲ್ಲಬಾರದು.